ಮಸಿ ಬಳಿದ ಮಾತು

ಆ ಸಿನಿಮಾದಲ್ಲಿ ಎಷ್ಟು ಜನ ಸಾಯುತ್ತಾರೆಂದು ಅದರ ನಿರ್ದೇಶಕನಿಗೇ ಗೊತ್ತಿರಲಿಲ್ಲ. ಮೊದಲ ರೀಲಿನಲ್ಲಿ ಸತ್ತವನೇ ಮೀಸೆ ಬದಲಾಯಿಸಿಕೊಂಡು ಮುಂದಿನ ರೀಲಿನಲ್ಲಿ ಬಂದು, ಮತ್ತೊಮ್ಮೆ ಅಚ್ಚುಕಟ್ಟಾಗಿ ಸತ್ತು ಹೋಗುತ್ತಿದ್ದ. ರಕ್ತವೆಂದು ಸುರಿದದ್ದೆಲ್ಲ ಬಣ್ಣ ಕಲಸಿದ ಸಕ್ಕರೆ ಪಾಕ. ಅದರ ವಾಸನೆಗೆ ಸೆಟ್ಟಿನ ತುಂಬ ಇರುವೆ ಮುತ್ತಿ, ಹೆಣವಾಗಿ ಬಿದ್ದಿದ್ದವರು ಕ್ಯಾಮೆರಾ ಓಡುತ್ತಿರುವಾಗಲೇ ಮೈ ಕೆರೆದುಕೊಂಡು ಬೈಸಿಕೊಂಡಿದ್ದರು. ನಾಯಕನಟನಿಗೆ ಎತ್ತರವೆಂದರೆ ಕೈಕಾಲು ನಡುಕ. ಮಾಳಿಗೆಯ ತುದಿಯಲ್ಲಿ ನಿಂತು ಅವನು ಗುಡುಗುವುದನ್ನು ನೆಲದ ಮೇಲೆ ಸ್ಟೂಲ್ ಇಟ್ಟು, ಎದುರಿಗೊಂದು ಫ್ಯಾನ್ ತಿರುಗಿಸಿ ತೆಗೆದಿದ್ದರು. ವಾರಪತ್ರಿಕೆಯೊಂದು ಇಂಥ ಸಂಗತಿಗಳನ್ನು ವಾರವಾರವೂ ಅಚ್ಚು ಹಾಕುತ್ತಿತ್ತು, ಜನ ಬಾಯಿ ಚಪ್ಪರಿಸಿಕೊಂಡು ಓದುತ್ತಿದ್ದರು.

ಪತ್ರಿಕೆಯವರ ಮೂಗಿಗೆ ಬಡಿಯದ ಸಂಗತಿಯೂ ಒಂದಿತ್ತು. ಅದು ಮೊದಲು ಗೊತ್ತಾದದ್ದು ಫಿಲ್ಮ್ ಲ್ಯಾಬಿನ ಜೋಡಣೆ ಕೋಣೆಯಲ್ಲಿ ಕೆಲಸ ಮಾಡುವ ಹೆಂಗಸಿಗೆ, ಆಮೇಲೆ ಅವಳ ಮಗಳಿಗೆ.

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ದೊಡ್ಡವರು ಕೂಡ. ಫಿಲ್ಮಿನ ತುಂಡುಗಳನ್ನು ಅಂಟಿಸುವುದು, ಸೆನ್ಸಾರ್ ಮಂಡಳಿ ಬೇಡವೆಂದದ್ದನ್ನು ಕತ್ತರಿಸುವುದು, ಬೇಡವೆಂದ ಮಾತಿಗೆ ಮಸಿ ಬಳಿಯುವುದು ಅವಳ ಕೆಲಸ. ಮಾತಿಗೆ ಮಸಿ ಬಳಿಯುವುದೆಂದರೆ ಬರಿಯ ಅಲಂಕಾರದ ಮಾತಲ್ಲ. ಆಗಿನ ಫಿಲ್ಮಿನಲ್ಲಿ ಚಿತ್ರಗಳ ಪಕ್ಕಕ್ಕೆ, ಅಂಚಿನುದ್ದಕ್ಕೂ ಬೆಳ್ಳಗಿನ ಒಂದು ಗೆರೆ ಓಡುತ್ತಿತ್ತು. ಸದ್ದೆಂದರೆ ಆ ಗೆರೆಯೇ. ಪಿಸುಮಾತಿಗೆ ಅದು ಸಣ್ಣಗೆ ನಡುಗುತ್ತದೆ, ಗುಂಡಿನ ಸದ್ದಿಗೆ ಹಲ್ಲು ಕಿರಿಯುತ್ತದೆ. ಪ್ರೊಜೆಕ್ಟರಿನೊಳಗಿನ ಪುಟ್ಟ ದೀಪದ ಬೆಳಕು ಗೆರೆಯನ್ನು ದಾಟಿ ಹೋದರೆ ಸದ್ದು, ಅಡ್ಡಕ್ಕೆ ಮಸಿ ಇದ್ದರೆ ಮೌನ. ಒಂದು ಕುಂಚ, ಒಂದು ಬಾಟಲಿ ಕಪ್ಪು ಮಸಿ, ನಡುಗದ ಕೈ ಇದ್ದರೆ ಎಂಥ ಬಾಯಾಳಿಯ ಬಾಯನ್ನೂ ಮುಚ್ಚಬಹುದಾಗಿತ್ತು.

ಆದರೆ ಅದರಲ್ಲೊಂದು ಮೋಸವಿತ್ತು. ಪ್ರೊಜೆಕ್ಟರಿನಲ್ಲಿ ಚಿತ್ರದ ದೀಪ ಮೇಲೆ, ಸದ್ದಿನ ದೀಪ ಕೆಳಗೆ. ಹಾಗಾಗಿ ಮಾತನಾಡುವ ಬಾಯಿಯ ಚಿತ್ರ ಎಲ್ಲಿದೆಯೋ ಆ ಮಾತು ಅಲ್ಲಿರುವುದಿಲ್ಲ, ಹತ್ತಿರ ಹತ್ತಿರ ಒಂದು ಮೊಳ ಮುಂದೆ ಇರುತ್ತದೆ. ಬಾಯಿಯ ಪಕ್ಕಕ್ಕೇ ಮಸಿ ಬಳಿದರೆ ಬೇಡದ ಮಾತು ಹಾಗೇ ಉಳಿದು, ಅದರ ಬೆನ್ನಿಗೆ ಬರುವ ಇನ್ಯಾವುದೋ ಸದ್ದು ಸಾಯುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರೆಲ್ಲ ಈ ತಪ್ಪು ಮಾಡಿಯೇ ಮಾಡುತ್ತಿದ್ದರು. ಅಕ್ಕನೂ ಮಾಡಿದ್ದಳು. ಯಾವನೋ ಕುಡುಕನ ಬೈಗುಳ ಸೊಗಸಾಗಿ ಉಳಿದು, ಅವನು ಬಡಿದ ಬಾಗಿಲು ಮೂಕವಾಗಿತ್ತು. ಜೋಡಣೆ ಕೋಣೆಯ ಮುಖ್ಯಸ್ಥರು, ಪಾಠ ಹೇಳಿ ಹೇಳಿಯೇ ಮೇಷ್ಟ್ರು ಎಂದು ಹೆಸರು ಪಡೆದವರು, ನಕ್ಕು ಫಿಲ್ಮಿನ ಮೇಲೆ ತಮ್ಮ ಮೊಳಕೈ ಊರಿ ತೋರಿಸಿದ್ದರು.

"ಬಾಯಿ ಇಲ್ಲಿದೆ ಅಂತ ಮಾತೂ ಇಲ್ಲೇ ಕೂತಿರತ್ತೇನಮ್ಮ? ಅದು ಯಾವಾಗಲೂ ಒಂದು ಮೊಳ ಮುಂದೆ."

ಅವತ್ತಿನಿಂದ ಅವಳ ಕೈ ಈ ವಿಷಯದಲ್ಲಿ ತಪ್ಪಿದ್ದಿಲ್ಲ. ಮೊಳ ಹಾಕಿ ಅಳೆಯುವ ಅಗತ್ಯವೂ ಉಳಿಯದಷ್ಟು ಅಭ್ಯಾಸವಾಗಿತ್ತು.

ಅವಳ ಗಂಡ ಸಿನಿಮಾದಲ್ಲಿ ಫೈಟರ್. ಊರಿನ ಸ್ಟುಡಿಯೋಗಳಲ್ಲಿ ಅವನಿಗೆ ಬೆಕ್ಕು ಎಂದು ಹೆಸರು. ಎಲ್ಲಿಂದ ಎಸೆದರೂ ಕಾಲ ಮೇಲೇ ನಿಲ್ಲುತ್ತಾನೆಂದು ಯಾರೋ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತ್ತು. ನಾಯಕನಟನಷ್ಟೇ ಎತ್ತರ, ಅದೇ ಮೈಕಟ್ಟು. ಹಾಗಾಗಿ ನಾಯಕ ಹಾರಿದಾಗ ಹಾರಿದವನು ಬೆಕ್ಕು, ಉರುಳಿದಾಗ ಉರುಳಿದವನು ಬೆಕ್ಕು, ಬೆನ್ನು ತಿರುಗಿಸಿ ಹತ್ತು ಜನರನ್ನು ಚಚ್ಚಿ ಹಾಕಿದವನೂ ಬೆಕ್ಕೇ. ಮುಖ ತಿರುಗಿತೆಂದರೆ ಮಾತ್ರ ಅದು ನಾಯಕನ ಮುಖ. ನಾಯಕ ತನ್ನ ಗಂಟಲನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ ಮನುಷ್ಯ, ಆದ್ದರಿಂದ ಹೊಡೆದಾಟದ ಏದುಸಿರು, ನರಳಾಟ, ಚೀತ್ಕಾರವೆಲ್ಲ ಡಬ್ಬಿಂಗ್ ಕೋಣೆಯಲ್ಲಿ ಬೆಕ್ಕಿನ ಪಾಲು. ಇಷ್ಟು ವರ್ಷದಲ್ಲಿ ಎಷ್ಟೋ ಸಿನಿಮಾಗಳಿಗೆ ಅವನು ಕೂಗು ಕೊಟ್ಟಿದ್ದ. ಒಂದೇ ಒಂದು ಮಾತು ಆಡುವ ಅವಕಾಶ ಯಾರೂ ಕೊಟ್ಟಿರಲಿಲ್ಲ.

ಮನೆಯಲ್ಲಿ ಮಾತ್ರ ಬಾಯಿಗೆ ಬೀಗವಿರಲಿಲ್ಲ. ಮೈಯೆಲ್ಲ ನೋವು ತುಂಬಿಕೊಂಡು ಬಂದರೂ ಬಾಗಿಲಲ್ಲೇ ಮಗಳನ್ನು ಕೂಗುವವನು. ಮಗಳಿಗೆ ಒಳ್ಳೆಯ ಹೆಸರೇ ಇತ್ತು, ಅದನ್ನು ಶಾಲೆಯವರು ಬಳಸುತ್ತಿದ್ದರು. ಅಪ್ಪನ ಬಾಯಲ್ಲಿ ಅವಳು ಮುಂಡೇದು. ಏನು ಮಾಡ್ತಿದ್ದೀಯೇ ಮುಂಡೇದೇ, ಬಾರೇ ಮುಂಡೇದೇ, ಊಟ ಮಾಡಿ ಮಲ್ಕೋ ಮುಂಡೇದೇ. ಅವಳು ಎಲ್ಲಿದ್ದರೂ "ಏನಪ್ಪಾ" ಎಂದು ಓಡಿ ಬರುತ್ತಿದ್ದಳು. ಅವನ ಅಜ್ಜಿ ಅವನನ್ನು ಹಾಗೇ ಕರೆದು ಬೆಳೆಸಿದ್ದಳಂತೆ, ಪ್ರೀತಿ ಹೆಚ್ಚಾದಾಗ ಅವನಿಗೆ ಬೇರೆ ಮಾತು ತೋಚುತ್ತಿರಲಿಲ್ಲ.

ಅಕ್ಕನಿಗೆ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು. ಮುಂಡೆಯೆಂದರೆ ಗಂಡ ಸತ್ತವಳು, ಅವಳ ಕೂಸು ಮುಂಡೇದು. ಗಂಡ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿರುವಾಗ ಮಗಳನ್ನು ಹಾಗೆ ಕರೆಯುವುದೆಂದರೇನು? ಒಂದು ಸಲ ಕೈಯಲ್ಲಿದ್ದ ಸೌಟನ್ನು ಕುಕ್ಕಿ ಕೇಳಿಯೇಬಿಟ್ಟಿದ್ದಳು.

"ಅವಳು ಮುಂಡೇದು ಆದ್ರೆ ನಾನೇನ್ರೀ ಆಗ್ತೀನಿ? ನೀವೇನಾಗ್ತೀರಿ? ಬಿಡಿಸಿ ನೋಡಿದ್ದೀರಾ ಆ ಮಾತನ್ನ?"

"ಬಿಡಿಸಿ ನೋಡೋಕೆ ಅದೇನು ಹಣ್ಣೇನೇ?" ಎಂದು ಅವನು ನಕ್ಕಿದ್ದ. "ಬಾಯಿಗೆ ಸಿಹಿಯಾಗಿದೆ, ಕರೀತೀನಿ."

ಮಗಳೂ ಅಪ್ಪನ ಕಡೆಗೇ ಸೇರಿ ನಕ್ಕಳು. ಇಬ್ಬರ ಎದುರು ಒಬ್ಬಳ ಮಾತು ಎಲ್ಲಿ ನಡೆಯುತ್ತದೆ?

ಆ ಸಿನಿಮಾದ ಹೊಡೆದಾಟಗಳಿಗೆ ಡಬ್ಬಿಂಗ್ ಕೂಡ ಮುಗಿದಿತ್ತು, ಚಿತ್ರೀಕರಣದ ಕೊನೆಗೆ ಮಾಳಿಗೆಯಿಂದ ಜಿಗಿಯುವ ದೃಶ್ಯವೊಂದು ಉಳಿದಿತ್ತು. ಕೆಳಗೆ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಅಟ್ಟಿಯಾಗಿ ಪೇರಿಸಿ, ಮೇಲೆ ಹಾಸಿಗೆ ಹಾಕಿ, ಅದರ ಮೇಲೆ ಬೀಳುವುದು ವಾಡಿಕೆ. ಬಿದ್ದಾಗ ಪೆಟ್ಟಿಗೆಗಳು ಅಪ್ಪಚ್ಚಿಯಾಗಿ ಮೈ ಉಳಿಯುತ್ತದೆ. ಬೆಕ್ಕು ಒಮ್ಮೆ ಜಿಗಿದ, ಕಾಲ ಮೇಲೇ ಎದ್ದು ನಿಂತ, ಎಲ್ಲರೂ ಚಪ್ಪಾಳೆ ಹೊಡೆದರು. ನಿರ್ದೇಶಕನಿಗೆ ಸಮಾಧಾನವಾಗಲಿಲ್ಲ, ಇನ್ನೊಂದು ಸಲ ಎಂದ. ಬೆಳಕು ಹೋಗುತ್ತಿತ್ತು. ಅಡಿಯ ಪೆಟ್ಟಿಗೆಗಳು ಆಗಲೇ ಚಪ್ಪಟೆಯಾಗಿದ್ದವು. ಅವನ್ನು ತೆಗೆದು ಹೊಸತು ಇಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಮೇಲಿನ ಸಾಲನ್ನಷ್ಟೇ ಸರಿಮಾಡಿ ಹಾಸಿಗೆ ಎಳೆದರು. ಎರಡನೇ ಸಲ ಬೆಕ್ಕು ಏಳಲಿಲ್ಲ. ಅಕ್ಕ ಆಸ್ಪತ್ರೆ ತಲುಪುವಷ್ಟರಲ್ಲಿ ಯಾರೋ ಅವನ ಕಣ್ಣು ಮುಚ್ಚಿ, ಬಟ್ಟೆ ಎಳೆದಾಗಿತ್ತು. ಅವಳಿಗೆ ಮುಖ ತೋರಿಸಿ ಮತ್ತೆ ಮುಚ್ಚಿದರು.

ಅತ್ತು ಅತ್ತು ಸಾಕಾದ ಮೇಲೆ ಅವಳ ತಲೆಯಲ್ಲಿ ಕೂತದ್ದು ಆ ಒಂದು ಮಾತು. ಬೇಡ ಬೇಡವೆಂದರೂ ಕರೆದು ಕರೆದು ನಿಜ ಮಾಡಿಟ್ಟನಲ್ಲ ಎಂದು ಅವಳಿಗೆ ಅವನ ಮೇಲೆ ಸಿಟ್ಟು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡವರ ಪಾಡು ಯಾರಿಗೂ ಬೇಡ, ತೀರಿಸಿಕೊಳ್ಳಲು ಆಳೇ ಇರುವುದಿಲ್ಲ. ಮನೆಯಲ್ಲಿ ಆ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಗೋಡೆಯ ಮೇಲೆ ಅವನ ಫೋಟೋ ಇತ್ತು, ದನಿ ಎಲ್ಲಿಯೂ ಇರಲಿಲ್ಲ. ಟೀವಿಯಲ್ಲಿ ಹಳೆಯ ಸಿನಿಮಾ ಬಂದು ಯಾವನಾದರೂ ಮೆಟ್ಟಿಲ ಮೇಲಿಂದ ಚೀರುತ್ತ ಉರುಳಿದರೆ ಮಗಳು ತಲೆಯೆತ್ತಿ ಕೇಳಿಸಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿಗೆ ಅಪ್ಪನ ಚೀತ್ಕಾರ ಬೇಕಾದಷ್ಟು ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಅವನು ಹೋಗಿ ಆರು ತಿಂಗಳಿಗೆ ಸಿನಿಮಾ ಸೆನ್ಸಾರ್ ಮಂಡಳಿಯ ಮುಂದೆ ಹೋಯಿತು. ಮಂಡಳಿಯ ಹಿರಿಯರು ತಣ್ಣಗಿನ ಕೋಣೆಯಲ್ಲಿ ಕೂತು ನೋಡಿ, ಇಲ್ಲಿ ರಕ್ತ ಕಡಿಮೆ ಮಾಡಿ, ಅಲ್ಲಿ ಕತ್ತು ಕೊಯ್ಯುವುದನ್ನು ಅರ್ಧಕ್ಕೆ ನಿಲ್ಲಿಸಿ ಎಂದರು. ಪೂರ್ತಿ ಕೊಯ್ದರೆ ಸಮಾಜ ಕೆಡುತ್ತದೆ, ಅರ್ಧ ಕೊಯ್ದರೆ ಪರವಾಗಿಲ್ಲ. ವಯಸ್ಕರಿಗೆ ಮಾತ್ರ ಎಂದು ಷರಾ ಬರೆದ ಮೇಲೂ ಒಂದು ಬೈಗುಳವನ್ನು ಅಳಿಸಲೇಬೇಕೆಂದು ಪಟ್ಟು ಹಿಡಿದರು. ಮಾಳಿಗೆಯಿಂದ ಜಿಗಿಯುವ ದೃಶ್ಯದ ಬಗ್ಗೆ ಚಕಾರವೆತ್ತಲಿಲ್ಲ. ಅದರಲ್ಲಿ ರಕ್ತ ಕಾಣುವುದಿಲ್ಲವಲ್ಲ.

ನಿರ್ಮಾಪಕ ಅವಸರಕ್ಕೆ ಬಿದ್ದು ಮೊದಲೇ ಪ್ರಿಂಟುಗಳನ್ನು ಹಾಕಿಸಿಬಿಟ್ಟಿದ್ದರಿಂದ ಎಲ್ಲದಕ್ಕೂ ಕೈಯಿಂದಲೇ ಮಸಿ ಬಳಿಯಬೇಕಾಯಿತು. ಮೇಷ್ಟ್ರು ಜಿಗಿತದ ರೀಲನ್ನು ಅಕ್ಕನ ಕಣ್ಣಿಗೆ ಬೀಳದಂತೆ ಬೇರೆ ಟೇಬಲಿಗೆ ಕಳಿಸಿ, ಬೈಗುಳದ ರೀಲನ್ನು ಮಾತ್ರ ಅವಳ ಮುಂದಿಟ್ಟರು. ಪಾಪ, ಕನಿಕರದಿಂದಲೇ ಮಾಡಿದ್ದು. ಅವರಿಗೇನು ಗೊತ್ತು?

ಅವಳು ರೀಲನ್ನು ಟೇಬಲಿಗೆ ಏರಿಸಿ, ಪುಟ್ಟ ಸ್ಪೀಕರಿನ ಗುಂಡಿ ಒತ್ತಿ ನಿಧಾನ ಓಡಿಸಿದಳು. ಗೋದಾಮಿನಲ್ಲಿ ಹೊಡೆದಾಟ. ಎಲ್ಲರೂ ಬಿದ್ದಾಗಿದೆ, ಕೊನೆಗೆ ಮೀಸೆ ಚಿಗುರದ ರೌಡಿಯೊಬ್ಬ ಚಾಕು ಹಿಡಿದು ಗಡಗಡ ನಡುಗುತ್ತ ನಿಂತಿದ್ದಾನೆ. ಅವನೆದುರು, ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತ ನಾಯಕ. ಆ ಬೆನ್ನು ಯಾರದೆಂದು ಅವಳಿಗೆ ಹೇಳಬೇಕಾಗಿರಲಿಲ್ಲ, ಕುತ್ತಿಗೆಯ ಮಚ್ಚೆಯನ್ನು ವಿಗ್ಗು ಪೂರ್ತಿ ಮುಚ್ಚಿರಲಿಲ್ಲ. ಆ ಬೆನ್ನನ್ನು ನೋಡಲು ಅವಳು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಕೂತಿದ್ದಳು. ಏದುಸಿರು ಬಂತು, ಅದನ್ನೂ ತಡೆದುಕೊಂಡಳು. ಏದುಸಿರಿನ ನಡುವೆ ಅವನು ಮಾತಾಡಿದ.

"ಮನೆಗೆ ಹೋಗೋ ಮುಂಡೇದೇ... ಊಟ ಮಾಡಿ ಮಲ್ಕೋ."

ಸ್ವಲ್ಪ ಸೋತ ದನಿ. ದಿನವೂ ಬಾಗಿಲಲ್ಲಿ ಕೇಳುತ್ತಿದ್ದ ದನಿ. ಎರಡು ಮಾತುಗಳ ನಡುವೆ ಹಿಂದಿನಿಂದ ಬಂದ ಇನ್ನೊಬ್ಬ ರೌಡಿ ಕಬ್ಬಿಣದ ಸಲಾಕೆಯಿಂದ ನಾಯಕನ ತಲೆಗೆ ಬಾರಿಸುತ್ತಾನೆ. ಬುರುಡೆ ಬಿರಿಯುವ ಆ ಸದ್ದು ಮುಂದೆ ಇಡೀ ಸಿನಿಮಾಕ್ಕೇ ಹೆಸರು ತಂದ ಸದ್ದು. ಏಟು ತಿಂದೂ ನಾಯಕ ಬೀಳದೆ, ಆ ಹುಡುಗನನ್ನೇ ನೋಡುತ್ತ ಮಾತು ಮುಗಿಸುತ್ತಾನೆ.

ನಡೆದದ್ದೇನೆಂದು ಅವಳಿಗೆ ಅಲ್ಲೇ ತಿಳಿಯಿತು. ಡಬ್ಬಿಂಗ್ ಕೋಣೆಯಲ್ಲಿ ಬರಿಯ ಏದುಸಿರು ಬಿಡಲು ನಿಂತವನಿಗೆ, ಪರದೆಯ ಮೇಲೆ ನಡುಗುವ ಎಳೆಯ ಮುಖ ಕಂಡಿದೆ. ತಡೆಯಲಾರದೆ ಮಗಳಿಗೆ ಅನ್ನುವುದನ್ನೇ ಅಂದುಬಿಟ್ಟಿದ್ದಾನೆ. ನಿರ್ದೇಶಕನಿಗೆ ಹಿಡಿಸಿದೆ, ಉಳಿಸಿಕೊಂಡಿದ್ದಾನೆ. ಮುಖ ಕಾಣದ್ದರಿಂದ ದನಿ ನಾಯಕನದೆಂದೇ ಎಲ್ಲರೂ ನಂಬಿದ್ದಾರೆ. ಮುಂದೆ ವಾರಪತ್ರಿಕೆಯಲ್ಲಿ, ಆ ಮಾತು ನಾಯಕನಿಗೆ ಸ್ಥಳದಲ್ಲೇ ಹೊಳೆದದ್ದೆಂದೂ, ಒಳಗಿನಿಂದ ಉಕ್ಕಿ ಬಂದದ್ದೆಂದು ಅವನೇ ಹೇಳಿದನೆಂದೂ ಅಚ್ಚಾಯಿತು. ನಾಚಿಕೆ ಎಂಬುದು ಎಲ್ಲರ ಮನೆಗೂ ಹೋಗುವ ಗಿರಾಕಿಯಲ್ಲ.

ಅಕ್ಕ ಎರಡನೇ ಸಲ ಕೇಳಲಿಲ್ಲ. ಕೇಳಿದ್ದರೆ ಮುಂದಿನ ಕತೆ ಬೇರೆಯಾಗುತ್ತಿತ್ತೋ ಏನೋ. ಸಿಟ್ಟು ನೆತ್ತಿಗೇರಿತ್ತು. ಸತ್ತ ಮೇಲೂ ಬಿಡಲಿಲ್ಲವಲ್ಲ ಈ ಮಾತನ್ನು ಎಂದುಕೊಂಡು ಕುಂಚ ಅದ್ದಿದಳು. ಬೆನ್ನಿನ ಚಿತ್ರದಿಂದ ಒಂದು ಮೊಳ ಮುಂದೆ, ಸರಿಯಾದ ಜಾಗದಲ್ಲಿ, ನಡುಗುವ ಆ ಬಿಳಿ ಗೆರೆಯ ಮೇಲೆ ಕಪ್ಪು ಎಳೆದಳು. ಆಮೇಲೆ ಎರಡನೇ ಪ್ರಿಂಟು, ಮೂರನೆಯದು. ಸಂಜೆಯೊಳಗೆ ಎಲ್ಲ ಮುಗಿಸಿ ಕಳಿಸಿದಳು. ನೆಗೆಟಿವ್‌ನಿಂದಲೂ ಆ ತುಂಡನ್ನು ಕತ್ತರಿಸಿ ಮಂಡಳಿಗೆ ಒಪ್ಪಿಸಿದರು. ಡಬ್ಬಿಂಗ್ ಕೋಣೆಯ ಮೂಲ ಟೇಪನ್ನು ಎಂದೋ ಅಳಿಸಿ, ಅದರ ಮೇಲೆ ಯಾವುದೋ ಸಾಬೂನಿನ ಜಾಹೀರಾತು ತುಂಬಿದ್ದರು.

ಮನೆಗೆ ಬಂದಾಗ ಮಗಳು ಬೆರಳಿನ ಮಸಿ ನೋಡಿ, ಇವತ್ತು ಯಾರ ಬಾಯಿ ಮುಚ್ಚಿದೆಯಮ್ಮ ಎಂದು ಕೇಳಿದಳು. ಅದು ಅವರಿಬ್ಬರ ಹಳೆಯ ತಮಾಷೆ. ದಿನವೂ ಏನಾದರೊಂದು ಉತ್ತರ ಕೊಡುತ್ತಿದ್ದ ಅಕ್ಕನಿಗೆ ಅವತ್ತು ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ.

"ನಿಮ್ಮಪ್ಪಂದು," ಎಂದಳು.

ಸಿನಿಮಾದಲ್ಲಿ ಅಪ್ಪ ಮಾತಾಡಿದ್ದಾನೆಂದು ಕೇಳಿ ಮಗಳ ಮುಖ ಅರಳಿತು. ಏನು ಮಾತು, ಏನು ಮಾತು ಎಂದು ಸೆರಗು ಹಿಡಿದು ಕಾಡಿದಳು. ಅಕ್ಕ ಆ ಮಾತನ್ನು ಬಾಯಲ್ಲಿ ಆಡಲಾರದೆ ಕೈ ತೊಳೆಯುತ್ತಲೇ ಇದ್ದಳು. ಹುಡುಗಿ ತಾನೇ ತಿಳಿದುಕೊಂಡಳು.

"ಅದು ನನ್ನ ಮಾತಮ್ಮ," ಎಂದಳು. "ಅಪ್ಪ ನನ್ನನ್ನ ಕರೆದಿದ್ದು. ನಿನಗೆ ಬೇಡ ಅಂತ ನನ್ನದನ್ನ ಯಾಕೆ ಅಳಿಸಿದೆ?"

ಅಳಲಿಲ್ಲ, ಕೂಗಾಡಲಿಲ್ಲ. ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದುಹೋದಳು. ಕಾನೂನು, ಮಂಡಳಿ, ಹೊಟ್ಟೆಪಾಡು ಎಂದು ಅಕ್ಕ ಬೇಕಾದಷ್ಟು ಹೇಳಬಹುದಾಗಿತ್ತು. ಮಂಡಳಿ ಹೇಳದಿದ್ದರೂ ತಾನು ಅಳಿಸುತ್ತಿದ್ದೆ ಎಂಬುದು ಅವಳಿಗೇ ಗೊತ್ತಿತ್ತು. ಮಸಿ ಎರಡು ದಿನ ಉಗುರ ಸಂದಿಯಲ್ಲಿ ಉಳಿಯಿತು. ಮಗಳ ಆ ಪ್ರಶ್ನೆ ಅದಕ್ಕಿಂತ ಆಳಕ್ಕೆ ಇಳಿದಿತ್ತು.

ಸಿನಿಮಾ ಭರ್ಜರಿಯಾಗಿ ಓಡಿತು. ಮಂಡಳಿ ಒಂದು ಮಾತನ್ನು ಅಳಿಸಿದೆ ಎಂಬ ಸುದ್ದಿಯೂ, ಆ ಮಾತು ಯಾವುದೆಂಬುದೂ ಪತ್ರಿಕೆಯಲ್ಲಿ ಬಂತು. ಜನರಿಗೆ ಅಷ್ಟು ಸಾಕಾಯಿತು. ಪರದೆಯ ಮೇಲೆ "ಮನೆಗೆ ಹೋಗೋ" ಎಂದು ದನಿ ನಿಂತ ಕೂಡಲೇ ಇಡೀ ಥಿಯೇಟರು ಒಂದೇ ಗಂಟಲಲ್ಲಿ ಆ ಮಾತನ್ನು ಕೂಗಿ ಸೀಟಿ ಹೊಡೆಯತೊಡಗಿತು. ಮಂಡಳಿ ಅಳಿಸದೆ ಬಿಟ್ಟಿದ್ದರೆ ಯಾರೂ ಗಮನಿಸುತ್ತಲೂ ಇರಲಿಲ್ಲ.

ಮಗಳು ಶಾಲೆಯಿಂದ ತಡವಾಗಿ ಬರುತ್ತಿದ್ದಳು. ಕೇಳಿದರೆ ಗೆಳತಿಯ ಮನೆ ಎನ್ನುತ್ತಿದ್ದಳು. ಒಂದು ಸಂಜೆ ಥಿಯೇಟರಿನ ಪ್ರೊಜೆಕ್ಟರ್ ಆಪರೇಟರ್ ಅವಳ ಕೈ ಹಿಡಿದುಕೊಂಡು ಮನೆಗೆ ಬಂದ. ಬೆಕ್ಕಿನ ಜೊತೆಯಲ್ಲಿ ಆಡಿ ಬೆಳೆದವನು, ಮಗಳಿಗೆ ಚಿಕ್ಕಪ್ಪನಿದ್ದ ಹಾಗೆ. ಮಗಳು ಒಳಗೆ ಹೋದ ಮೇಲೆ ಅವನು ದನಿ ತಗ್ಗಿಸಿ ಹೇಳಿದ: ಇವಳು ದಿನಾ ಥಿಯೇಟರಿನ ಪಕ್ಕದ ಓಣಿಯಲ್ಲಿ, ಹೊರಬಾಗಿಲಿಗೆ ಕಿವಿ ಇಟ್ಟು ನಿಂತಿರುತ್ತಾಳೆ. ಮಕ್ಕಳನ್ನು ಒಳಗೆ ಬಿಡುವ ಸಿನಿಮಾ ಅಲ್ಲವಲ್ಲ, ಅದಕ್ಕೆ ಹೊರಗೇ.

"ಯಾಕೆ ನಿಲ್ತೀಯಮ್ಮ ಅಂದ್ರೆ, ಮಸಿ ಉದುರಿತಾ ಚಿಕ್ಕಪ್ಪ ಅಂತ ಕೇಳ್ತಾಳೆ ಅತ್ತಿಗೆ. ಎಲ್ಲರೂ ಕೂಗ್ತಾರೆ, ಅಪ್ಪ ಒಬ್ಬನೇ ಕೂಗಲ್ಲ ಅಂತಾಳೆ. ನನಗೊಂದೂ ಅರ್ಥ ಆಗಲಿಲ್ಲ."

ಅಕ್ಕ ಅವನಿಗೆ ಎಲ್ಲ ಹೇಳಿದಳು. ದಿನಕ್ಕೆ ನಾಲ್ಕು ಆಟ ಓಡಿಸುತ್ತಿದ್ದ ಅವನಿಗೂ ಗೆಳೆಯನ ದನಿ ಗುರುತು ಸಿಕ್ಕಿರಲಿಲ್ಲ. ಏಳುವಾಗ, ಮಸಿ ನಿಜಕ್ಕೂ ಉದುರುತ್ತಿದೆ ಎಂದ. ಓಡಿ ಓಡಿ ಚಕ್ಕೆ ಏಳುತ್ತಿದೆ, ಮಾತು ಹರುಕು ಮುರುಕಾಗಿ ಗರಗರ ಅನ್ನುತ್ತಿದೆ, ಮಂಡಳಿಯ ಪರಿಶೀಲಕ ಬಂದು ಎಚ್ಚರಿಸಿ ಹೋಗಿದ್ದಾನೆ, ರೀಲು ನಾಳೆ ನಿಮ್ಮ ಲ್ಯಾಬಿಗೇ ಬರುತ್ತದೆ ಎಂದ.

ಬಂತು. ಮಧ್ಯಾಹ್ನದ ಆಟಕ್ಕೆ ವಾಪಸ್ಸು ಹೋಗಬೇಕು, ಬೇಗ ಬಳಿದುಬಿಡಮ್ಮ ಎಂದು ಮೇಷ್ಟ್ರು ಡಬ್ಬಿ ಇಟ್ಟು ಹೋದರು. ಮಗಳನ್ನು ಕರೆತಂದು ಇಲ್ಲೇ ಕೇಳಿಸೋಣವೆಂದರೆ ಶಾಲೆ ಊರಿನ ಆ ತುದಿಯಲ್ಲಿ, ಮೇಲಾಗಿ ಹೊರಗಿನವರನ್ನು ಗೇಟಿನ ಕಾವಲುಗಾರ ಒಳಕ್ಕೆ ಬಿಡುತ್ತಿರಲಿಲ್ಲ. ಅಕ್ಕ ಮೊದಲು ಹಳೆಯ ಮಸಿಯನ್ನು ಒರೆಸಬೇಕಿತ್ತು. ಮೆತ್ತನೆಯ ಬಟ್ಟೆಗೆ ದ್ರಾವಣ ಹಚ್ಚಿ ಒರೆಸಿದಳು. ಕಪ್ಪು ಹೋದ ಹಾಗೆ ಬಿಳಿ ಗೆರೆ ಮೇಲೆದ್ದು ಬಂತು. ಬೆಳಕಿಗೆ ಹಿಡಿದು ನೋಡಿದಳು. ಮುಂ ಎನ್ನುವಲ್ಲಿ ಉಬ್ಬಿ, ಡೇ ಎನ್ನುವಲ್ಲಿ ಎದ್ದು, ಕೊನೆಯ ದೇ ಎಳೆದೆಳೆದು ಸಣ್ಣಗಾಗುತ್ತ ಹೋಗಿತ್ತು. ಅವನು ಹಾಗೇ ಎಳೆಯುತ್ತಿದ್ದ, ಮಗಳು ಓಡಿ ಬರುವ ತನಕ.

ಈ ಸಲ ಅವಳಿಗೆ ಸಿಟ್ಟು ಬರಲಿಲ್ಲ. ಇದೊಂದು ದನಿಯ ಮೇಲೆ ಇಷ್ಟು ದಿನ ಹಗೆ ಸಾಧಿಸಿದೆನಲ್ಲ ಎಂದು ಸಂಕಟವಾಯಿತು. ಮಸಿ ಬಳಿಯದೆ ಕಳಿಸುವಂತಿರಲಿಲ್ಲ, ಮೇಷ್ಟ್ರು ಫಿಲ್ಮನ್ನು ಬೆಳಕಿಗೆ ಹಿಡಿದು ಕಪ್ಪು ಪಟ್ಟಿ ಇದೆಯೇ ಎಂದು ನೋಡಿಯೇ ಕಳಿಸುವವರು. ಕಪ್ಪು ಪಟ್ಟಿ ಬೇಕೇ ಬೇಕು. ಎಲ್ಲಿ ಎಂಬುದಷ್ಟೇ ಪ್ರಶ್ನೆ.

ಅಕ್ಕ ಫಿಲ್ಮನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡಳು. ಮಚ್ಚೆ ಕಾಣುವ ಆ ಬೆನ್ನಿನ ಪಕ್ಕಕ್ಕೇ, ಕೆಲಸಕ್ಕೆ ಸೇರಿದ ಮೊದಲ ದಿನದ ಹೆಂಗಸಿನ ಹಾಗೆ, ದಪ್ಪಗೆ ಮಸಿ ಬಳಿದಳು. ಮೇಷ್ಟ್ರು ಬಂದು ಬೆಳಕಿಗೆ ಹಿಡಿದು ತಲೆಯಾಡಿಸಿದರು. ಇಷ್ಟು ವರ್ಷ ಅನುಭವವಿರುವವಳು ಎಲ್ಲಿ ಬಳಿದಿದ್ದಾಳೆಂದು ಮೊಳ ಹಾಕಿ ಯಾರು ಅಳೆಯುತ್ತಾರೆ?

ಮರುದಿನ ರಜೆ. ಆಪರೇಟರ್ ಇಬ್ಬರನ್ನೂ ಹಿಂದಿನ ಮೆಟ್ಟಿಲಿಂದ ಹತ್ತಿಸಿ ತನ್ನ ಕೋಣೆಗೆ ಕರೆದುಕೊಂಡ. ಪ್ರೊಜೆಕ್ಟರಿನ ಬಿಸಿಗೆ ಕೋಣೆ ಬೇಯುತ್ತಿತ್ತು. ಸಭಾಂಗಣದ ಗದ್ದಲ ಗಾಜಿನ ಕಿಂಡಿಯಾಚೆ ಉಳಿಯುತ್ತಿತ್ತು, ಸಿನಿಮಾದ ಸದ್ದು ಮಾತ್ರ ಗೋಡೆಯ ಪುಟ್ಟ ಸ್ಪೀಕರಿನಲ್ಲಿ ನೇರವಾಗಿ ಬರುತ್ತಿತ್ತು. ಮಗಳು ರಕ್ತಪಾತವನ್ನೆಲ್ಲ ನೋಡದಿರಲೆಂದು ಅವಳನ್ನು ಕಿಂಡಿಗೆ ಬೆನ್ನು ಮಾಡಿ ಸ್ಪೀಕರಿನ ಕೆಳಗೆ ಕೂರಿಸಿದರು. ಅಕ್ಕ ಬಾಗಿಲಿಗೆ ಒರಗಿ ನಿಂತಳು. ಗೋದಾಮಿನ ಹೊಡೆದಾಟ ಶುರುವಾಯಿತು, ಮುಗಿಯಿತು. ಏದುಸಿರು ಬಂತು. ಹುಡುಗಿ ಮೊಣಕಾಲು ತಬ್ಬಿಕೊಂಡು ಕಣ್ಣು ಮುಚ್ಚಿದಳು.

"ಮನೆಗೆ ಹೋಗೋ ಮುಂಡೇದೇ..."

"ಏನಪ್ಪಾ," ಎಂದಳು ಮಗಳು.

ಯೋಚಿಸಿ ಅಂದದ್ದಲ್ಲ. ಅಡುಗೆಮನೆಯಿಂದಲೋ ಹಿತ್ತಿಲಿಂದಲೋ ಓಗೊಡುತ್ತಿದ್ದ ಹಾಗೆ, ಬಾಯಿ ತಾನಾಗಿ ಅಂದಿತು. ಅಂದವಳು ಕಣ್ಣು ಬಿಟ್ಟು, ಕೋಣೆಯಲ್ಲಿ ಮಷೀನು ಮಾತ್ರ ಇರುವುದನ್ನು ನೋಡಿದಳು. ಕಬ್ಬಿಣದ ಸಲಾಕೆ ನಾಯಕನ ತಲೆಗೆ ಬಿತ್ತು, ಸದ್ದೇ ಆಗಲಿಲ್ಲ. ಆ ನಿಶ್ಶಬ್ದದ ಆಚೆಯಿಂದ ಅವನು "ಊಟ ಮಾಡಿ ಮಲ್ಕೋ" ಎಂದ, ಅಷ್ಟೇ. ಕೆಳಗೆ ಕೂಗಲು ಬಾಯಿ ತೆರೆದಿದ್ದವರು ಅರ್ಧಕ್ಕೇ ನಿಂತದ್ದು ಕಿಂಡಿಯ ಮೂಲಕವೂ ತಿಳಿಯುತ್ತಿತ್ತು. ಬೈಗುಳವೆಂದು ಕೂಗಿಕೊಂಡಿದ್ದವರಿಗೆ, ಅದು ಅಷ್ಟು ಮೆಲ್ಲಗೆ ಬರುತ್ತದೆಂದು ಗೊತ್ತಿರಲಿಲ್ಲ.

ಮಗಳು ಮೊಣಕಾಲಿಗೆ ಮುಖ ಒತ್ತಿ ಅತ್ತಳು. ಅಪ್ಪ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಆಪರೇಟರ್ ಮಷೀನಿನ ಕಡೆ ತಿರುಗಿಕೊಂಡು, "ಏಟಿನ ಸದ್ದು ಹಾರಿಹೋಗಿದೆ ಅತ್ತಿಗೆ," ಎಂದ. ಆಮೇಲೆ ಅವನಿಗೆ ಹೊಳೆಯಿತು. ತೋಳಿನಿಂದ ಕಣ್ಣು ಒರೆಸಿಕೊಂಡು ಮುಂದಿನ ರೀಲು ಏರಿಸಿದ.

ವಾರವೂ ಆಗಲಿಲ್ಲ, ರೀಲು ಹಿಂದಕ್ಕೆ ಬಂತು. ಮಾತು ಕೇಳುತ್ತದೆಂದು ದೂರಿದವರು ಯಾರೂ ಇಲ್ಲ. ಬುರುಡೆ ಬಿರಿಯುವ ಸದ್ದಿಲ್ಲ, ಕೊಟ್ಟ ದುಡ್ಡು ದಂಡ ಎಂದು ಜನ ಮ್ಯಾನೇಜರನ ಮೇಲೆ ಹರಿಹಾಯ್ದಿದ್ದರು. ಮೇಷ್ಟ್ರು ರೀಲನ್ನು ಅಕ್ಕನ ಟೇಬಲಿಗೆ ತಂದು, ಫಿಲ್ಮಿನ ಮೇಲೆ ಮೊಳಕೈ ಊರಿ ಅಳೆದರು. ಸ್ಪೀಕರಿನ ಗುಂಡಿ ಒತ್ತಿ ಕೇಳಿದರು. ಕುತ್ತಿಗೆಯ ಮಚ್ಚೆಯನ್ನೂ, ಅವಳ ಮುಖವನ್ನೂ ನೋಡಿದರು. ಬೆಕ್ಕು ಸಂಬಳದ ದಿನ ಹೆಂಡತಿಯನ್ನು ಕರೆದೊಯ್ಯಲು ಗೇಟಿಗೆ ಬಂದು ನಿಲ್ಲುತ್ತಿದ್ದಾಗ ಅವರೊಡನೆ ಎಷ್ಟೋ ಸಲ ಹರಟಿದವನು.

"ಇದು ಮೊದಲನೇ ದಿನ ಬಂದೋರು ಮಾಡೋ ತಪ್ಪಮ್ಮ," ಎಂದರು.

"ಹೌದು ಮೇಷ್ಟ್ರೇ."

"ನನಗೆ ಮೊದಲೇ ಹೇಳಬಾರದಿತ್ತಾ?" ಅವರು ಕನ್ನಡಕ ತೆಗೆದು ಒರೆಸಿದರು, ಒರೆಸುತ್ತಲೇ ಇದ್ದರು. "ಇರಲಿ. ಇದನ್ನ ಬೇರೆಯವರ ಕೈಲಿ ಮಾಡಿಸ್ತೀನಿ."

"ಬೇಡಿ. ಅವತ್ತು ಆಸ್ಪತ್ರೇಲಿ ಅವರ ಕಣ್ಣು ಮುಚ್ಚಿದ್ದು ಯಾರೋ. ಇದಾದರೂ ನನ್ನ ಕೈಲೇ ಆಗಲಿ."

ಮೇಷ್ಟ್ರು ತಲೆ ತಗ್ಗಿಸಿ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡರು. ಅಕ್ಕ ತಪ್ಪು ಜಾಗದ ಮಸಿಯನ್ನು ಒರೆಸಿದಳು, ಸಲಾಕೆಯ ಏಟು ಹಲ್ಲು ಕಿರಿದುಕೊಂಡು ಎದ್ದು ಬಂತು. ಇನ್ನು ಅದನ್ನು ಯಾರೂ ಮುಟ್ಟುವುದಿಲ್ಲ, ಜನ ದುಡ್ಡು ಕೊಟ್ಟಿದ್ದಾರೆ. ಮಾತನ್ನು ಬೆಳಕಿಗೆ ಹಿಡಿದು ಕಣ್ಣು ತುಂಬ ನೋಡಿದಳು. ಆಮೇಲೆ ಒಂದು ಮೊಳ ಮುಂದೆ, ಮುಂ ಎನ್ನುವಲ್ಲಿಂದ ಹಿಡಿದು ಸಣ್ಣಗಾಗುತ್ತ ಹೋಗುವ ದೇ ತನಕ, ಎಲ್ಲಿಯೂ ಚಕ್ಕೆ ಏಳದ ಹಾಗೆ ಎರಡು ಸಲ ಬಳಿದಳು. ಮಸಿ ಒಣಗುವ ತನಕ ಊದುತ್ತ ಕೂತಳು.

ಸಂಜೆ ಮನೆಗೆ ಬಂದಾಗ ಮಗಳು ಪುಸ್ತಕ ಹರಡಿಕೊಂಡು ಕೂತಿದ್ದಳು. ತಾಯಿಯ ಬೆರಳು ನೋಡಿದಳು. ಯಾರ ಬಾಯಿ ಮುಚ್ಚಿದೆ ಎಂದು ಕೇಳಲಿಲ್ಲ, ಪುಟ ತಿರುಗಿಸಿದಳು. ಅಕ್ಕ ಕೈ ತೊಳೆದಳು, ಅಡುಗೆ ಮಾಡಿದಳು, ತಟ್ಟೆ ಇಟ್ಟಳು. ಊಟಕ್ಕೆ ಬಾ ಎಂದು ಹೆಸರು ಹಿಡಿದು ಕರೆದಳು. ಹುಡುಗಿ ಹಸಿವಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

ಅಕ್ಕ ಅವಳ ಪಕ್ಕದಲ್ಲಿ ಹೋಗಿ ಕೂತಳು. ನಾಲಿಗೆಯ ತುದಿಗೆ ಒಂದು ಮಾತು ಬಂದಿತ್ತು. ಇಷ್ಟು ವರ್ಷ ಬೈದು, ಕುಕ್ಕಿ, ದೂರವಿಟ್ಟ ಮಾತು. ಈಗ ಅದರ ಅರ್ಥದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ, ಅವಳೂ ಅದೇ ಆಗಿದ್ದಳು, ಮಗಳೂ ಅದೇ ಆಗಿದ್ದಳು. ಮಗಳ ತಲೆಯ ಮೇಲೆ ಕೈ ಇಟ್ಟಳು.

"ಏಳೇ ಮುಂಡೇದೇ," ಎಂದಳು. "ಊಟ ಮಾಡಿ ಮಲ್ಕೋ."

ಅವನ ಹಾಗೆ ಎಳೆಯಲು ಅವಳಿಗೆ ಬರಲಿಲ್ಲ, ಕೊನೆಯಲ್ಲಿ ದನಿ ಒಡೆದುಹೋಯಿತು. ಮಗಳು ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿದಳು.

"ಏನಮ್ಮಾ," ಎಂದಳು.